ಮೀನುತೊಟ್ಟಿಯಲ್ಲಿ ನಿಧಾನವಾಗಿ ಬೆಳೆಯುವ ಅಲಂಕಾರಿಕ ಜಲಸಸ್ಯಗಳು

ನಗರವಾಸಿಗಳ ಮನೆಗಳಲ್ಲಿ ಅಲಂಕಾರಿಕ ಮೀನುಗಳನ್ನು ಸಾಕುವ ಹವ್ಯಾಸವು ಕಳೆದ ಕೆಲವು ದಶಕಗಳಲ್ಲಿ ವ್ಯಾಪಕವಾಗಿ ಹರಡಿದೆ. ಆದರೆ ಮೀನುಗಳ ಆಯ್ಕೆಯಲ್ಲಿ ತೋರುವ ಆಸ್ಥೆಯನ್ನು ತೊಟ್ಟಿಯೊಳಗಿನ ಸಸ್ಯಗಳ ಆಯ್ಕೆಯಲ್ಲಿ ತೋರುವವರು ವಿರಳ. ಅಂಗಡಿಯಲ್ಲಿ ಸೊಂಪಾಗಿ ಕಂಡ ಗಿಡವೊಂದನ್ನು ತಂದು ಮರಳಿನಲ್ಲಿ ಊರಲಾಗುತ್ತದೆ. ಎರಡು ವಾರಗಳೊಳಗೆ ಅದರ ಎಲೆಗಳು ಕರಗತೊಡಗುತ್ತವೆ, ಕೊಳೆತ ಎಲೆಗಳಿಂದ ನೀರು ಕೆಡುತ್ತದೆ, ಒಂದೆರಡು ಮೀನುಗಳೂ ಸಾಯುತ್ತವೆ. ಆ ಬಳಿಕ ತೊಟ್ಟಿಗೆ ಪ್ಲಾಸ್ಟಿಕ್ ಗಿಡಗಳು ಬರುತ್ತವೆ. ಈ ಪರಿಸ್ಥಿತಿಗೆ ಸಾಕುವವರ ನಿರ್ಲಕ್ಷ್ಯಕ್ಕಿಂತ ಹೆಚ್ಚಾಗಿ ಊರಿನ ನೀರು ಹಾಗೂ ಹವೆಗೆ ಹೊಂದದ ಸಸ್ಯದ ಆಯ್ಕೆಯೇ ಕಾರಣವೆನ್ನಬಹುದು. ಗಡಸು ನೀರು ಮತ್ತು ತೀವ್ರ ಬೇಸಿಗೆ ಎರಡನ್ನೂ ಉಳ್ಳ ಹೈದರಾಬಾದಿನಂತಹ ದಖನ್ನಿನ ನಗರದಲ್ಲಿ, ನಿಧಾನವಾಗಿ ಬೆಳೆಯುವ ಕೆಲವು ಸಸ್ಯಗಳು ಹೇಗೆ ಅನುಕೂಲಕರವಾಗಿವೆ ಮತ್ತು ಅವುಗಳ ಪಾಲನೆಯ ಕ್ರಮವೇನು ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಅದೇ ಬಗೆಯ ಗ್ರಾನೈಟ್ ನೆಲವಿರುವ ರಾಯಚೂರು, ಯಾದಗಿರಿ ಮುಂತಾದ ಕಡೆಗಳ ಆಸಕ್ತರಿಗೂ ಇದು ಬಹುಮಟ್ಟಿಗೆ ಅನ್ವಯಿಸುತ್ತದೆ.

ನಿಧಾನ ಬೆಳವಣಿಗೆಯ ಅರ್ಥ

ನೀರಿನೊಳಗಿನ ಸಸ್ಯಕ್ಕೆ ಸದಾ ಇರುವ ಕೊರತೆಯೆಂದರೆ ಇಂಗಾಲದ ಡೈ ಆಕ್ಸೈಡ್. ಈ ಅನಿಲವು ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು 10,000 ಪಟ್ಟು ನಿಧಾನವಾಗಿ ನೀರಿನಲ್ಲಿ ಹರಡುತ್ತದೆ. ಹೀಗಾಗಿ ಬೆಳಕು ಹೇರಳವಾಗಿದ್ದರೂ ಎಲೆಯ ಸುತ್ತ ಇಂಗಾಲ ಸಾಲದೆ ಬರುತ್ತದೆ. ಶೀಘ್ರವಾಗಿ ಬೆಳೆಯುವ ಕಾಂಡಸಸ್ಯಗಳಿಗೆ ಪ್ರಬಲವಾದ ದೀಪ, ಸಿಲಿಂಡರಿನಿಂದ ಅನಿಲದ ಪೂರೈಕೆ, ವಾರವಾರವೂ ಗೊಬ್ಬರ ಮತ್ತು ಕತ್ತರಿ ಪ್ರಯೋಗ ಇವೆಲ್ಲವೂ ಬೇಕಾಗುತ್ತವೆ. ಇವುಗಳಲ್ಲಿ ಒಂದು ತಪ್ಪಿದರೂ ಸಸ್ಯ ಸೊರಗಿ, ಪಾಚಿ ಮೇಲುಗೈ ಪಡೆಯುತ್ತದೆ.

ಕಾಡಿನ ತೊರೆಗಳ ನೆರಳಿನಲ್ಲಿ ವಿಕಾಸಗೊಂಡ ಸಸ್ಯಗಳ ರೀತಿಯೇ ಬೇರೆ. ಮರಗಳ ಎಲೆಗಳ ನಡುವೆ ಇಳಿದು ಬರುವ ಅಲ್ಪ ಬೆಳಕಿನಲ್ಲಿಯೇ ಅವು ತಮ್ಮ ಆಹಾರವನ್ನು ತಯಾರಿಸಿಕೊಳ್ಳಬಲ್ಲವು. ಅವು ದಪ್ಪನೆಯ ಎಲೆಗಳನ್ನು ಅಪರೂಪವಾಗಿ ಹೊರಡಿಸಿ ಬಹುಕಾಲ ಉಳಿಸಿಕೊಳ್ಳುತ್ತವೆ. ಅನುಬಿಯಸ್ ಎಂಬ ಸಸ್ಯದ ಒಂದು ಕವಲಿನಲ್ಲಿ ಹೊಸ ಎಲೆಯೊಂದು ಮೂಡಲು ಸಾಮಾನ್ಯವಾಗಿ ಮೂರು ನಾಲ್ಕು ವಾರಗಳೇ ಬೇಕು. ಇಂತಹ ಸಸ್ಯದ ಬೇಡಿಕೆ ಅಲ್ಪವಾದುದರಿಂದ ಸಾಮಾನ್ಯ ದೀಪ ಮತ್ತು ಮೀನಿನ ತ್ಯಾಜ್ಯದಿಂದ ದೊರೆಯುವ ಪೋಷಕಾಂಶಗಳೇ ಬಹುತೇಕ ಸಾಕಾಗುತ್ತವೆ. ಮಾಲೀಕರು ಹತ್ತು ದಿನ ಊರಿಗೆ ಹೋದರೂ ತೊಟ್ಟಿಯ ರೂಪ ಕೆಡದು. ಆದರೆ ಒಂದು ಎಲೆ ಹಾಳಾದರೆ ಆ ನಷ್ಟ ತುಂಬಲು ತಿಂಗಳುಗಳೇ ಬೇಕಾಗುತ್ತವೆ ಎಂಬುದನ್ನೂ ಮರೆಯಲಾಗದು. ಪಾಲನೆಯ ನಿಯಮಗಳೆಲ್ಲವೂ ಈ ಒಂದು ಅಂಶದಿಂದಲೇ ಹುಟ್ಟುತ್ತವೆ.

ಯಾವ ಸಸ್ಯಗಳು

ಹವ್ಯಾಸಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಮೂರು ಗುಂಪುಗಳನ್ನು ಇಲ್ಲಿ ಪರಿಗಣಿಸಬಹುದು. ಅನುಬಿಯಸ್ ಪಶ್ಚಿಮ ಮತ್ತು ಮಧ್ಯ ಆಫ್ರಿಕದ ತೊರೆಗಳ ಸಸ್ಯ. ಅದರ ಕುಳ್ಳ ಬಗೆಯಾದ ‘ನಾನಾ’ ಎಂಬುದು ಸಣ್ಣ ತೊಟ್ಟಿಗಳಿಗೆ ಬಹಳ ಉಚಿತ. ಕ್ರಿಪ್ಟೊಕೊರೈನ್ ಕುಲವು ದಕ್ಷಿಣ ಹಾಗೂ ಆಗ್ನೇಯ ಏಷ್ಯಕ್ಕೆ ಸೇರಿದ್ದು. ಅಂಗಡಿಗಳಲ್ಲಿ ದೊರೆಯುವ ‘ವೆಂಡ್ಟಿ’ ಎಂಬ ಪ್ರಭೇದದ ಮೂಲ ಶ್ರೀಲಂಕ. ಮೂರನೆಯದಾದ ಜಾವಾ ಫರ್ನ್ ಹೂ ಬಿಡದ ಜರಿಗಿಡ.

ಮೊದಲಿನ ಎರಡೂ ನಮ್ಮ ಕೆಸುವಿನ ಕುಟುಂಬಕ್ಕೆ ಸೇರಿದವು ಎಂಬುದು ಕನ್ನಡ ಓದುಗರಿಗೆ ಕುತೂಹಲಕರವಾದೀತು. ಕೆಸುವಿನ ಎಲೆ ಮತ್ತು ಸುವರ್ಣಗೆಡ್ಡೆಯನ್ನು ಸರಿಯಾಗಿ ಬೇಯಿಸದಿದ್ದರೆ ಗಂಟಲು ತುರಿಸುವುದಕ್ಕೆ ಕಾರಣವಾದ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಹರಳುಗಳು ಈ ಕುಟುಂಬದ ಲಕ್ಷಣವೇ ಆಗಿವೆ. ಮೆತ್ತನೆಯ ಗಿಡಗಳನ್ನು ಒಂದೇ ದಿನದಲ್ಲಿ ಮುಗಿಸಿಬಿಡುವ ಗೋಲ್ಡ್ ಫಿಷ್ ಸಹ ಅನುಬಿಯಸ್‌ನ ದಪ್ಪ ತೊಗಲಿನಂತಹ ಎಲೆಯನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತದೆ. ಇವನ್ನು ಕತ್ತರಿಸಿದ ಕೈಯಿಂದ ಕಣ್ಣು ಮುಟ್ಟಿಕೊಳ್ಳಬಾರದೆಂಬ ಎಚ್ಚರಿಕೆಯೂ ಅಗತ್ಯ.

ಕ್ರಿಪ್ಟೊಕೊರೈನ್‌ನ ಸ್ವದೇಶಿ ಪ್ರಭೇದಗಳೂ ಉಂಟು. ‘ಸ್ಪೈರಾಲಿಸ್’ ಮತ್ತು ‘ರೆಟ್ರೊಸ್ಪೈರಾಲಿಸ್’ ಎಂಬ ನೀಳ ಎಲೆಯ ಪ್ರಭೇದಗಳು ಕರ್ನಾಟಕವೂ ಸೇರಿದಂತೆ ದಕ್ಷಿಣ ಭಾರತದ ನದಿಪಾತ್ರಗಳಲ್ಲಿ ಬೆಳೆಯುತ್ತವೆ. ಮಳೆಗಾಲದ ಪ್ರವಾಹದಲ್ಲಿ ಪೂರ್ಣವಾಗಿ ಮುಳುಗಿ, ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಬಯಲಿಗೆ ಬಂದು ಹೂ ಬಿಡುವ ಇವುಗಳ ಜೀವನಕ್ರಮ ವಿಶಿಷ್ಟವಾದುದು. ಇವುಗಳ ಸಮೀಪ ಬಂಧುವಾದ ಲಾಗೆನಾಂಡ್ರ ಕುಲ ಪಶ್ಚಿಮ ಘಟ್ಟ ಮತ್ತು ಶ್ರೀಲಂಕಗಳಲ್ಲಿ ನೆಲೆಸಿದೆ. ಅದರ ‘ಮೀಬೋಲ್ಡಿ’ ಎಂಬ ಪ್ರಭೇದದ ಕೆಂಪು ಮತ್ತು ಹಸಿರು ಬಗೆಗಳು ಇಂದು ವಿದೇಶಗಳ ಮೀನುತೊಟ್ಟಿಗಳಲ್ಲಿಯೂ ಪ್ರಸಿದ್ಧವಾಗಿವೆ. ಆಫ್ರಿಕದ ಗಿಡಕ್ಕೆ ಹಣ ತೆರುವ ನಮ್ಮ ಹವ್ಯಾಸಿಗೆ ಘಟ್ಟದ ಗಿಡದ ಪರಿಚಯವೇ ಇಲ್ಲದಿರುವುದು ವಿಪರ್ಯಾಸ.

ಹೈದರಾಬಾದಿನ ನೀರು

ಹೈದರಾಬಾದ್ ಮತ್ತು ನೀರಿನ ಸಂಬಂಧಕ್ಕೆ ದೊಡ್ಡ ಇತಿಹಾಸವಿದೆ. 1908ರ ಮೂಸಿ ಪ್ರವಾಹದ ಬಳಿಕ ನಿಜಾಮ ಸರ್ಕಾರವು ಸರ್ ಎಂ. ವಿಶ್ವೇಶ್ವರಯ್ಯನವರ ಸಲಹೆಯನ್ನು ಪಡೆಯಿತು. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಜಲಾಶಯಗಳು ಪೂರ್ಣಗೊಂಡವು. ಆನಂತರ ಬೀದರ್ ಜಿಲ್ಲೆಯ ಮೂಲಕ ಹರಿದು ಬರುವ ಮಂಜೀರಾ, ತದನಂತರ ಕೃಷ್ಣಾ ಮತ್ತು ಗೋದಾವರಿ ನದಿಗಳ ನೀರನ್ನೂ ನಗರಕ್ಕೆ ತರಲಾಯಿತು. ನಲ್ಲಿಯಲ್ಲಿ ಬರುವ ಈ ನದಿನೀರಿಗೂ ಬಡಾವಣೆಗಳ ಕೊಳವೆಬಾವಿಗಳ ನೀರಿಗೂ ಗುಣದಲ್ಲಿ ಬಹಳ ಅಂತರವುಂಟು. ಗ್ರಾನೈಟ್ ಬಂಡೆಯ ಬಿರುಕುಗಳಲ್ಲಿ ದೀರ್ಘಕಾಲ ನಿಂತ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡು ಗಡಸಾಗಿರುತ್ತದೆ. ಬಿಸಿನೀರಿನ ಪಾತ್ರೆಗಳ ತಳದಲ್ಲಿ ಕಟ್ಟುವ ಬಿಳಿಯ ಹಕ್ಕಳೆಯೇ ಇದಕ್ಕೆ ಸಾಕ್ಷಿ.

ಭಾರತೀಯ ಮಾನಕ ಬ್ಯೂರೋವಿನ ಕುಡಿಯುವ ನೀರಿನ ಮಾನಕದ ಪ್ರಕಾರ ಒಟ್ಟು ಗಡಸುತನದ ಸ್ವೀಕಾರಾರ್ಹ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ಮೂಲವಿಲ್ಲದಿದ್ದಾಗ 600 ಮಿಲಿಗ್ರಾಂವರೆಗೆ ಅನುಮತಿಯಿದೆ. ಅನುಬಿಯಸ್, ಜಾವಾ ಫರ್ನ್ ಮತ್ತು ವೆಂಡ್ಟಿ ಮೂರೂ ಸಾಧಾರಣ ಗಡಸು ನೀರನ್ನು ಸಹಿಸುತ್ತವೆ. ಅವು ಸಹಿಸದಿರುವುದು ನೀರಿನ ಗುಣದ ಹಠಾತ್ ಬದಲಾವಣೆಯನ್ನು. ಬೇಸಿಗೆಯಲ್ಲಿ ಬಡಾವಣೆಗಳು ಟ್ಯಾಂಕರುಗಳನ್ನು ಅವಲಂಬಿಸಿದಾಗ ತೊಂದರೆ ಎದುರಾಗುವುದು ಇಲ್ಲಿಯೇ. ಈ ವಾರದ ಟ್ಯಾಂಕರು ಒಂದು ಬಾವಿಯದಾದರೆ ಮುಂದಿನ ವಾರದ್ದು ಇನ್ನೊಂದರದಾಗಿರಬಹುದು. ಸಂಪಿನಲ್ಲಿ ಎಲ್ಲವೂ ಒಂದೇ ಬಣ್ಣದ ನೀರಾಗಿ ಕಾಣುತ್ತದೆ, ಗಿಡಕ್ಕೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ. ಆದುದರಿಂದ ಒಮ್ಮೆಲೇ ಅರ್ಧ ತೊಟ್ಟಿಯ ನೀರನ್ನು ಬದಲಿಸುವುದಕ್ಕಿಂತ ವಾರಕ್ಕೊಮ್ಮೆ ಹತ್ತನೆಯ ಒಂದು ಅಥವಾ ಐದನೆಯ ಒಂದು ಭಾಗವನ್ನು ಬದಲಿಸುವುದು ಕ್ಷೇಮಕರ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಅದನ್ನು ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟು ಬಳಸಬೇಕು.

ತೀರ ಗಡಸಾದ ನೀರಿಗೆ ಮನೆಯ ಆರ್.ಓ. ಶುದ್ಧೀಕರಣ ಯಂತ್ರದ ನೀರನ್ನು ಬೆರೆಸುವುದೇ ಸುಲಭ ಪರಿಹಾರ. ಲೀಟರಿಗೆ 400 ಮಿಲಿಗ್ರಾಂ ಗಡಸುತನದ ಬಾವಿನೀರಿಗೆ 20 ಮಿಲಿಗ್ರಾಂನ ಶುದ್ಧೀಕೃತ ನೀರನ್ನು ಸಮಪ್ರಮಾಣದಲ್ಲಿ ಸೇರಿಸಿದರೆ ಗಡಸುತನ 210ಕ್ಕೆ ಇಳಿಯುತ್ತದೆ. ಬರಿಯ ಶುದ್ಧೀಕೃತ ನೀರನ್ನೇ ತುಂಬುವುದು ತರವಲ್ಲ. ಸಸ್ಯಕ್ಕೂ ಮೀನಿಗೂ ಸ್ವಲ್ಪ ಲವಣ ಬೇಕು.

ಬೇಸಿಗೆಯ ನಿರ್ವಹಣೆ

ಏಪ್ರಿಲ್, ಮೇ ತಿಂಗಳುಗಳಲ್ಲಿ ಹೈದರಾಬಾದಿನ ಹಗಲಿನ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಇಲ್ಲಿ ಹೇಳಿದ ಸಸ್ಯಗಳಿಗೆ ಅನುಕೂಲವಾದುದು 22ರಿಂದ 28 ಡಿಗ್ರಿ. ತೊಟ್ಟಿಯ ನೀರು 30 ಡಿಗ್ರಿಯನ್ನು ಮೀರಿ ಹಲವು ದಿನ ಉಳಿದರೆ ಸಸ್ಯದ ಉಸಿರಾಟದ ವೆಚ್ಚ ಹೆಚ್ಚಿ, ಅಲ್ಪ ಬೆಳಕಿನಲ್ಲಿ ಅದು ಸಂಪಾದಿಸಿದ ಆಹಾರವೆಲ್ಲ ಖರ್ಚಾಗಿಬಿಡುತ್ತದೆ. ಜೊತೆಗೆ ಬೆಚ್ಚಗಿನ ನೀರು ಕಡಿಮೆ ಆಮ್ಲಜನಕವನ್ನು ಹಿಡಿದಿಡುತ್ತದೆ. ಸಮುದ್ರಮಟ್ಟದಲ್ಲಿ 25 ಡಿಗ್ರಿಯ ಸಿಹಿನೀರಿನಲ್ಲಿ ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಆಮ್ಲಜನಕ ಕರಗಬಲ್ಲುದಾದರೆ 30 ಡಿಗ್ರಿಯಲ್ಲಿ ಅದು ಸುಮಾರು 7.5ಕ್ಕೆ ಇಳಿಯುತ್ತದೆ. ರಾತ್ರಿಯಲ್ಲಿ ಸಸ್ಯಗಳೂ ಆಮ್ಲಜನಕವನ್ನು ಬಳಸುತ್ತವೆ. ಬೇಸಿಗೆಯ ಬೆಳಗಿನ ಜಾವದಲ್ಲಿ ವಿದ್ಯುತ್ ನಿಂತಾಗ ಮೀನುಗಳು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆಯುವುದಕ್ಕೆ ಇದೇ ಕಾರಣ. ಬ್ಯಾಟರಿಯಿಂದ ನಡೆಯುವ ಸಣ್ಣ ಗಾಳಿಪಂಪೊಂದನ್ನು ಮನೆಯಲ್ಲಿಟ್ಟಿರುವುದು ಒಳಿತು.

ನೀರನ್ನು ತಂಪಾಗಿಸುವ ಯಂತ್ರ ದುಬಾರಿಯಾದುದು. ಅದರ ಬದಲು ನೀರಿನ ಮೇಲ್ಮೈಗೆ ಗಾಳಿ ಬೀಸುವ ಪುಟ್ಟ ಫ್ಯಾನೇ ಸಾಕು. ಹೊಸ ಮಡಕೆಯ ನೀರು ತಣ್ಣಗಾಗುವ ತತ್ತ್ವವೇ ಇಲ್ಲಿಯೂ ಕೆಲಸ ಮಾಡುತ್ತದೆ. ಎರಡು ಅಡಿ ಉದ್ದದ, ಅಂದರೆ 60 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರದ ತೊಟ್ಟಿಯಲ್ಲಿ 54 ಲೀಟರ್ ನೀರು ಹಿಡಿಯುತ್ತದೆ. ಅದರಿಂದ ಕೇವಲ 100 ಮಿಲಿಲೀಟರ್ ಆವಿಯಾದರೆ ಇಡೀ ತೊಟ್ಟಿಯು ಸುಮಾರು 1 ಡಿಗ್ರಿ ತಣಿಯುವಷ್ಟು ಶಾಖ ಹೊರಹೋಗುತ್ತದೆ. ಕರಾವಳಿಯ ತೇವಭರಿತ ಹವೆಯಲ್ಲಿ ಈ ಉಪಾಯದಿಂದ ಹೆಚ್ಚಿನ ಪ್ರಯೋಜನವಿಲ್ಲ. ಹೈದರಾಬಾದಿನ ಒಣ ಬೇಸಿಗೆಯಲ್ಲಿ ಮಾತ್ರ ನೀರಿನ ಉಷ್ಣಾಂಶವನ್ನು ಎರಡರಿಂದ ನಾಲ್ಕು ಡಿಗ್ರಿಗಳಷ್ಟು ತಗ್ಗಿಸಲು ಸಾಧ್ಯ.

ಇಲ್ಲಿ ಬಹುಜನರ ಗಮನಕ್ಕೆ ಬಾರದ ಅಂಶವೊಂದಿದೆ. ಆವಿಯಾಗುವುದು ನೀರು ಮಾತ್ರ, ಅದರಲ್ಲಿನ ಲವಣಗಳು ತೊಟ್ಟಿಯಲ್ಲಿಯೇ ಉಳಿಯುತ್ತವೆ. ಮೇಲೆ ಹೇಳಿದ 54 ಲೀಟರಿನ ತೊಟ್ಟಿಯಿಂದ ದಿನಕ್ಕೆ ಒಂದು ಲೀಟರ್ ಆವಿಯಾಗಿ, ಅದನ್ನು 400 ಮಿಲಿಗ್ರಾಂನ ಬಾವಿನೀರಿನಿಂದಲೇ ತುಂಬುತ್ತ ಹೋದರೆ, ಒಂದು ತಿಂಗಳಲ್ಲಿ ತೊಟ್ಟಿಯ ಗಡಸುತನ 620ರ ಸಮೀಪಕ್ಕೆ ಏರುತ್ತದೆ. ಬಿಸಿಲಿನಿಂದ ಸತ್ತಿತೆಂದು ಭಾವಿಸಲಾಗುವ ಗಿಡಗಳಲ್ಲಿ ಕೆಲವು ವಾಸ್ತವವಾಗಿ ಹೀಗೆ ಸತ್ತಿರಬಹುದು. ಆವಿಯಾದ ನೀರಿನ ಸ್ಥಾನವನ್ನು ಶುದ್ಧೀಕೃತ ನೀರಿನಿಂದಲೇ ತುಂಬಬೇಕು. ಬಾವಿನೀರನ್ನು ವಾರದ ಬದಲಾವಣೆಗೆ ಮಾತ್ರ ಬಳಸಬೇಕು.

ನಾಟಿಯ ಕ್ರಮ

ಅನುಬಿಯಸ್ ಮತ್ತು ಜಾವಾ ಫರ್ನ್‌ಗಳಿಗೆ ಶುಂಠಿಯ ಗೆಡ್ಡೆಯಂತೆ ಅಡ್ಡವಾಗಿ ಹರಿಯುವ ಕಾಂಡವಿದೆ. ಅದನ್ನು ಮರಳಿನಲ್ಲಿ ಹೂತರೆ ಕೊಳೆಯುವುದು ನಿಶ್ಚಿತ. ಹೊಸಬರು ಕಳೆದುಕೊಳ್ಳುವ ಗಿಡಗಳಲ್ಲಿ ದೊಡ್ಡ ಪಾಲು ಇದರಿಂದಲೇ ಹೋಗುತ್ತದೆ. ಕಾಂಡವನ್ನು ಕಲ್ಲು ಅಥವಾ ಕೊರಡಿನ ಮೇಲಿಟ್ಟು ಹತ್ತಿಯ ದಾರದಿಂದ ಸಡಿಲವಾಗಿ ಕಟ್ಟಬೇಕು. ದಾರವು ಕೊಳೆತುಹೋಗುವ ಹೊತ್ತಿಗೆ ಬೇರುಗಳು ಕಲ್ಲನ್ನು ಹಿಡಿದಿರುತ್ತವೆ. ಈ ವಿಷಯದಲ್ಲಿ ಹೈದರಾಬಾದ್ ಅದೃಷ್ಟಶಾಲಿ. ಬಂಜಾರಾ ಹಿಲ್ಸ್, ಜುಬಿಲಿ ಹಿಲ್ಸ್‌ಗಳಲ್ಲಿ ಕಾಣುವ ಪುರಾತನ ಗ್ರಾನೈಟ್ ನೀರಿಗೆ ಸುಣ್ಣದ ಅಂಶವನ್ನು ಬಿಡುವುದಿಲ್ಲ. ಕಟ್ಟಡದ ಕೆಲಸ ನಡೆಯುವ ಕಡೆ ದೊರೆಯುವ ಗ್ರಾನೈಟ್ ಚೂರನ್ನು ಚೆನ್ನಾಗಿ ತೊಳೆದು ಬಳಸಬಹುದು. ಅಂದವಾಗಿ ಕಾಣುವ ಅಮೃತಶಿಲೆಯ ಚೂರು, ಕಪ್ಪೆಚಿಪ್ಪು, ಹವಳಗಳು ಮಾತ್ರ ಬೇಡ. ಅನುಮಾನವಿದ್ದರೆ ಕಲ್ಲಿನ ಮೇಲೆ ನಿಂಬೆರಸ ಹಿಂಡಿ ನೋಡಬೇಕು. ನೊರೆಯೆದ್ದರೆ ಅದರಲ್ಲಿ ಸುಣ್ಣವಿದೆಯೆಂದು ತಿಳಿಯಬಹುದು.

ಕ್ರಿಪ್ಟೊಕೊರೈನ್ ಬೇರಿನಿಂದ ಆಹಾರ ಪಡೆಯುವ ಸಸ್ಯವಾದುದರಿಂದ ಅದಕ್ಕೆ ನೆಲ ಬೇಕು. ತೆಲಂಗಾಣದ ‘ಚಲ್ಕ’ ಎಂಬ ಕೆಂಪು ಮಣ್ಣನ್ನು ಜರಡಿ ಹಿಡಿದು, ಗೊಬ್ಬರ ಸೇರಿಸದೆ, ಎರಡು ಸೆಂಟಿಮೀಟರ್ ದಪ್ಪಕ್ಕೆ ಹರಡಿ ಅದರ ಮೇಲೆ ನಾಲ್ಕೈದು ಸೆಂಟಿಮೀಟರ್ ತೊಳೆದ ಮರಳನ್ನು ಹಾಕಿದರೆ ಕಬ್ಬಿಣದ ಅಂಶ ಬೇರಿಗೆ ದೊರೆಯುತ್ತದೆ. ಎರೆಮಣ್ಣಿನಲ್ಲಿ ಸುಣ್ಣದ ಹರಳುಗಳಿರುವುದರಿಂದ ಮತ್ತು ಅದು ನೀರಿನಲ್ಲಿ ಉಬ್ಬುವುದರಿಂದ ಉಪಯುಕ್ತವಲ್ಲ. ಸಗಣಿ ಗೊಬ್ಬರವಂತೂ ಸರ್ವಥಾ ನಿಷಿದ್ಧ. ನೀರಿನಡಿ ಅದು ಕೊಳೆತು ಅಮೋನಿಯ ಉಂಟಾಗಿ ಮೀನುಗಳಿಗೆ ಮಾರಕವಾಗುತ್ತದೆ. ಗಿಡದ ಬೇರು ಮಣ್ಣಿನಲ್ಲಿರಬೇಕು, ಎಲೆಗಳು ಕೂಡುವ ನೆತ್ತಿ ಮರಳಿನ ಮೇಲಿರಬೇಕು.

ಎಲೆ ಕರಗುವುದು

ಮಾರುಕಟ್ಟೆಗೆ ಬರುವ ಈ ಬಗೆಯ ಸಸ್ಯಗಳನ್ನು ಬಹುತೇಕ ನೀರಿನ ಹೊರಗೆ, ತೇವದ ಹವೆಯಲ್ಲಿ ಬೆಳೆಸಲಾಗಿರುತ್ತದೆ. ಅಂಗಾಂಶ ಕೃಷಿಯ ಪುಟ್ಟ ಡಬ್ಬಿಗಳಲ್ಲಿಯೂ ಅವು ದೊರೆಯುತ್ತವೆ. ಗಾಳಿಗೆ ರೂಪುಗೊಂಡ ಎಲೆ ನೀರಿನೊಳಗೆ ನಿಷ್ಪ್ರಯೋಜಕವಾದುದರಿಂದ ಸಸ್ಯವು ಅದನ್ನು ಕೈಬಿಟ್ಟು ಹೊಸ ಎಲೆಯನ್ನು ಕಟ್ಟಿಕೊಳ್ಳುತ್ತದೆ. ಕ್ರಿಪ್ಟೊಕೊರೈನ್‌ನಲ್ಲಿ ಈ ಕ್ರಿಯೆ ಅತಿ ತೀವ್ರ. ನೀರು, ಬೆಳಕು ಅಥವಾ ಉಷ್ಣಾಂಶ ಬದಲಾದೊಡನೆ ಎಲೆಗಳು ಪಾರದರ್ಶಕವಾಗಿ, ಒಂದೆರಡು ದಿನಗಳಲ್ಲಿ ಲೋಳೆಯಾಗಿ ಕರಗುವುದೂ ಉಂಟು. ಗಿಡ ಸತ್ತಿತೆಂದು ಭಾವಿಸಿ ಕಿತ್ತೆಸೆಯುವವರೇ ಹೆಚ್ಚು. ವಾಸ್ತವದಲ್ಲಿ ಮಣ್ಣಿನೊಳಗಿನ ಕಾಂಡ ಮತ್ತು ಬೇರುಗಳು ಜೀವಂತವಾಗಿರುತ್ತವೆ. ಕರಗಿದ ಎಲೆಗಳನ್ನು ಮಾತ್ರ ತೆಗೆದು, ಬೇರನ್ನು ಅಲುಗಿಸದೆ ಬಿಟ್ಟರೆ ಸಾಮಾನ್ಯವಾಗಿ ಒಂದೆರಡು ತಿಂಗಳಲ್ಲಿ ಹೊಸ ಎಲೆಗಳು ಮೂಡುತ್ತವೆ. ಮತ್ತೆಮತ್ತೆ ಕಿತ್ತು ಸ್ಥಳ ಬದಲಿಸಿದ ಗಿಡ ಚೇತರಿಸಿಕೊಳ್ಳುವುದು ಕಷ್ಟ.

ಜಾವಾ ಫರ್ನ್‌ನ ಎಲೆಯ ಅಡಿಯಲ್ಲಿ ಕಾಣುವ ಕಂದು ಚುಕ್ಕೆಗಳನ್ನು ರೋಗವೆಂದು ತಿಳಿದು ಔಷಧ ಹಾಕುವವರಿದ್ದಾರೆ. ಸಾಲಾಗಿ ಮೂಡಿದ ಉಬ್ಬು ಚುಕ್ಕೆಗಳು ಜರಿಗಿಡದ ಬೀಜಕಗಳ ಗುಂಪುಗಳು. ಹಳೆಯ ಎಲೆಯ ಅಂಚಿನಲ್ಲಿ ಮೂಡುವ ಪುಟ್ಟ ಮರಿಗಿಡಗಳನ್ನು ಬೇರು ಬಂದ ಮೇಲೆ ಬಿಡಿಸಿ ಬೇರೆ ಕಲ್ಲಿಗೆ ಕಟ್ಟಬಹುದು.

ನಿಧಾನ ಸಸ್ಯಗಳ ಮುಖ್ಯ ಶತ್ರು ಪಾಚಿ. ಬಹುಕಾಲ ಬಾಳುವ ಎಲೆಯ ಮೇಲೆ ಅದಕ್ಕೆ ನೆಲೆಯೂರಲು ಸಾಕಷ್ಟು ಸಮಯ ದೊರೆಯುತ್ತದೆ. ದೀಪವನ್ನು ದಿನಕ್ಕೆ ಆರರಿಂದ ಎಂಟು ಗಂಟೆಗಳಿಗೆ ಸೀಮಿತಗೊಳಿಸುವುದು, ತೊಟ್ಟಿಯನ್ನು ಕಿಟಕಿಯ ನೇರ ಬಿಸಿಲಿನಿಂದ ದೂರವಿಡುವುದು, ಮೀನುಗಳಿಗೆ ಎರಡು ಮೂರು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕುವುದು, ಇವು ಔಷಧಗಳಿಗಿಂತ ಪರಿಣಾಮಕಾರಿ. ಅನುಬಿಯಸ್ ಅನ್ನು ದೀಪದ ನೇರ ಕೆಳಗಿಡದೆ ಎತ್ತರದ ಗಿಡ ಅಥವಾ ಕೊರಡಿನ ನೆರಳಿನಲ್ಲಿಡಬೇಕು.

ಕೆರೆಗೂ ಕಾಡಿಗೂ ಸಂಬಂಧಿಸಿದ ಮಾತು

ತೊಟ್ಟಿಯಲ್ಲಿ ಹೆಚ್ಚಾದ ಗಿಡವನ್ನು ಸಮೀಪದ ಕೆರೆಗೆ ಬಿಡುವುದು ಪುಣ್ಯಕಾರ್ಯವೆಂದೇ ಅನೇಕರ ನಂಬಿಕೆ. ಹುಸೇನ್ ಸಾಗರ ಮತ್ತು ಮೂಸಿ ನದಿಯನ್ನು ಬಾಧಿಸುವ ವಾಟರ್ ಹಯಾಸಿಂತ್ ಎಂಬ ಜಲಕಳೆ ದಕ್ಷಿಣ ಅಮೆರಿಕದಿಂದ ಬಂದದ್ದು. ಅದರ ನೇರಳೆ ಹೂವಿನ ಅಂದಕ್ಕಾಗಿಯೇ ಮನುಷ್ಯ ಅದನ್ನು ದೇಶದೇಶಗಳಿಗೆ ಒಯ್ದನು. ಕೇರಳದ ಜಲಮೂಲಗಳಲ್ಲಿ ಹರಡಿರುವ ಗುಲಾಬಿ ಹೂವಿನ ಕಬೊಂಬ ಸಹ ಮೀನುತೊಟ್ಟಿಗಳ ಸಸ್ಯವೇ. 2020ರಲ್ಲಿ ಕೋಳಿಕ್ಕೋಡ್ ಜಿಲ್ಲೆಯ ಆವಳ ಪಾಂಡಿಯಲ್ಲಿ ಅದು ಸಾಮೂಹಿಕವಾಗಿ ಅರಳಿದಾಗ ನೋಡಲು ಜನ ನೆರೆದರು, ಆದರೆ ಆ ಸೊಬಗು ಸ್ಥಳೀಯ ಜಲಸಸ್ಯಗಳಿಗೆ ಕಂಟಕವಾಗಿತ್ತು. ನಿಧಾನವಾಗಿ ಬೆಳೆಯುವ ಸಸ್ಯಗಳಿಂದ ಇಂತಹ ಅಪಾಯ ಕಡಿಮೆಯೇ ಹೊರತು ಇಲ್ಲವೆಂದಲ್ಲ. ಶ್ರೀಲಂಕ ಮೂಲದ ‘ಬೆಕೆಟ್ಟಿ’ ಎಂಬ ಕ್ರಿಪ್ಟೊಕೊರೈನ್ ಅಮೆರಿಕದ ಟೆಕ್ಸಾಸ್ ರಾಜ್ಯದ ಸ್ಯಾನ್ ಮಾರ್ಕೋಸ್ ನದಿಯಲ್ಲಿ ನೆಲೆಯೂರಿ, ಅದನ್ನು ಕಿತ್ತು ತೆಗೆಯಲು ಕಾರ್ಯಾಚರಣೆಯನ್ನೇ ನಡೆಸಬೇಕಾಯಿತು. ಬೇಡವಾದ ಸಸ್ಯಭಾಗಗಳನ್ನು ಬಿಸಿಲಿನಲ್ಲಿ ಪೂರ್ಣವಾಗಿ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಬೇಕು.

ಇದಕ್ಕೆ ವಿರುದ್ಧ ದಿಕ್ಕಿನ ಅಪಾಯವೂ ಇದೆ. ನಿಧಾನವಾಗಿ ಬೆಳೆಯುವ ಸಸ್ಯವು ತನ್ನ ಸಹಜ ನೆಲೆಯಲ್ಲಿಯೂ ನಿಧಾನವಾಗಿಯೇ ಬೆಳೆಯುತ್ತದೆ. ಘಟ್ಟದ ತೊರೆಯೊಂದರಲ್ಲಿ ಒಂದು ದಿನ ಕಿತ್ತ ಲಾಗೆನಾಂಡ್ರದ ಹಾಸು ಮರಳಿ ಕೂಡಿಕೊಳ್ಳಲು ವರ್ಷಗಳು ಹಿಡಿಯಬಹುದು. ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯಗಳಿಂದ ಅನುಮತಿಯಿಲ್ಲದೆ ಸಸ್ಯಗಳನ್ನು ತೆಗೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ವಯ ಅಪರಾಧ. ಜೈವಿಕ ಸಂಪನ್ಮೂಲಗಳ ವಾಣಿಜ್ಯ ಬಳಕೆಯು 2002ರ ಜೈವಿಕ ವೈವಿಧ್ಯ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ವಿದೇಶದಿಂದ ಸಸ್ಯಗಳನ್ನು ತರಿಸುವುದಕ್ಕೆ 2003ರ ಸಸ್ಯ ಸಂಪರ್ಕನಿಷೇಧ ಆದೇಶದ ಪ್ರಕಾರ ಆಮದು ಪರವಾನಗಿ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರಗಳು ಅವಶ್ಯಕ. ನರ್ಸರಿಯಲ್ಲಿ ಬೆಳೆಸಿದ ಅಥವಾ ಅಂಗಾಂಶ ಕೃಷಿಯಿಂದ ಪಡೆದ ಗಿಡವನ್ನೇ ಕೇಳಿ ಕೊಳ್ಳುವುದು ಗ್ರಾಹಕರ ಹೊಣೆ.

ಉಪ ಆದಾಯದ ಅವಕಾಶ

ಬೆಳವಣಿಗೆ ನಿಧಾನವಾದುದರಿಂದಲೇ ಇವುಗಳ ಬೆಲೆ ಹೆಚ್ಚು. ಅನುಬಿಯಸ್‌ನ ಬಲಿತ ಕಾಂಡವನ್ನು ತಲಾ ಮೂರು ನಾಲ್ಕು ಎಲೆಗಳಿರುವಂತೆ ತುಂಡರಿಸಿದರೆ ಪ್ರತಿಯೊಂದೂ ಹೊಸ ಗಿಡವಾಗುತ್ತದೆ. ನೀರಿನ ಹೊರಗೆ ಇಂಗಾಲದ ಡೈ ಆಕ್ಸೈಡಿನ ಕೊರತೆಯಿಲ್ಲವಾದುದರಿಂದ ಅಲ್ಲಿ ಬೆಳವಣಿಗೆ ತುಸು ವೇಗವಾಗಿರುತ್ತದೆ. ಮುಚ್ಚಳವಿರುವ ಪಾರದರ್ಶಕ ಡಬ್ಬಗಳಲ್ಲಿ ಒದ್ದೆ ಮರಳು ಅಥವಾ ತೆಂಗಿನ ನಾರಿನ ಪುಡಿಯ ಮೇಲೆ, ಬಾಲ್ಕನಿಯ ನೆರಳಿನಲ್ಲಿ ಬೆಳೆಸಬಹುದು. ಹೈದರಾಬಾದಿನ ಒಣಹವೆಯಲ್ಲಿ ಮುಚ್ಚಳವನ್ನು ಒಂದು ಮಧ್ಯಾಹ್ನ ತೆರೆದಿಟ್ಟರೂ ಎಲೆಗಳು ಬಾಡುತ್ತವೆ. ಈ ಕಾರ್ಯವನ್ನು ಮಳೆಗಾಲದ ಆರಂಭದಲ್ಲಿ ಕೈಗೊಳ್ಳುವುದು ಉತ್ತಮ. ಮೊದಲ ವರ್ಷದಲ್ಲಿ ಮಾರಾಟಕ್ಕೆ ಹೆಚ್ಚೇನೂ ಸಿಗದು ಎಂಬುದನ್ನು ತಿಳಿದೇ ತೊಡಗಬೇಕು.

ಗಿಡಗಳೊಂದಿಗೆ ಅಲಂಕಾರಿಕ ಮೀನುಗಳ ಸಾಕಣೆಯನ್ನೂ ಕೈಗೊಳ್ಳುವವರಿಗೆ, 2020ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಹಿತ್ತಿಲ ಸಾಕಣಾ ಘಟಕಗಳಿಗೆ ಸಹಾಯಧನವನ್ನು ಕಲ್ಪಿಸಲಾಗಿದೆ. ಘಟಕವೆಚ್ಚದಲ್ಲಿ ಸಾಮಾನ್ಯ ವರ್ಗದವರಿಗೆ ಶೇಕಡ 40, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಹಾಗೂ ಮಹಿಳೆಯರಿಗೆ ಶೇಕಡ 60 ಎಂದು ಸಹಾಯಧನದ ಪ್ರಮಾಣವನ್ನು ಗೊತ್ತುಪಡಿಸಲಾಯಿತು. ಅರ್ಜಿ ಸಲ್ಲಿಸುವ ಮುನ್ನ ಪ್ರಚಲಿತ ನಿಯಮಗಳನ್ನು ಜಿಲ್ಲಾ ಮೀನುಗಾರಿಕೆ ಕಚೇರಿಯಲ್ಲಿ ವಿಚಾರಿಸಬೇಕು. 2006ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಮೀನುಗಾರಿಕೆ ಅಭಿವೃದ್ಧಿ ಮಂಡಳಿಯ ಪ್ರಧಾನ ಕಚೇರಿ ಹೈದರಾಬಾದಿನಲ್ಲಿಯೇ, ವಿಮಾನ ನಿಲ್ದಾಣದ ಕಡೆಗೆ ಸಾಗುವ ಮೇಲುಸೇತುವೆಯ ಪಕ್ಕದಲ್ಲಿ, ಮೀನಿನ ಆಕಾರದ ಕಟ್ಟಡದಲ್ಲಿದೆ.